ಅಪ್ಪಾ, ಅದು ಗೇಮು

2025ರ ಮೇ 8, ಗುರುವಾರ ರಾತ್ರಿ. ಶಿವಮೊಗ್ಗದ ನಮ್ಮ ಮನೆಯಲ್ಲಿ ಉಂಡ ತಟ್ಟೆ ಎತ್ತದೆ ಎಲ್ಲರೂ ಟಿ.ವಿ. ಮುಂದೆ ಕೂತಿದ್ದೆವು. ಆಪರೇಷನ್ ಸಿಂಧೂರ ನಡೆದು ಒಂದು ದಿನವಾಗಿತ್ತು. ಧರ್ಮಶಾಲಾದಲ್ಲಿ ಪಂಜಾಬ್-ಡೆಲ್ಲಿ ಐಪಿಎಲ್ ಪಂದ್ಯವನ್ನು 11ನೇ ಓವರಿಗೇ ನಿಲ್ಲಿಸಿ ಜನರನ್ನು ಹೊರಗೆ ಕಳಿಸಿದ್ದರು. ನಾವೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರೆ ಮೂಲೆಯಲ್ಲಿ ಮೊಬೈಲ್ ಹಿಡಿದು ಬಿದ್ದುಕೊಂಡಿದ್ದ ಮಗ ಕಿಸಕ್ಕನೆ ನಕ್ಕ.

"ಏನೋ ಅದು, ನಗೋ ಅಂಥದ್ದು?"

ತೋರಿಸಿದ. 11 ಪಂದ್ಯಕ್ಕೆ 16 ಪಾಯಿಂಟ್ ಮಾಡಿ ಆರ್‌ಸಿಬಿ ಈ ಸಲ ಕಪ್ ಗೆದ್ದೇಬಿಡುತ್ತೆ, ಅದನ್ನು ತಪ್ಪಿಸೋಕೇ ಯುದ್ಧ ಶುರುವಾಗಿದೆ. ಇಷ್ಟೇ ಜೋಕು. 2021ರಲ್ಲೂ ತಂಡ ಚೆನ್ನಾಗಿ ಆಡುತ್ತಿದ್ದಾಗಲೇ ಕೊರೊನಾದಿಂದ ಟೂರ್ನಿ ನಿಂತಿದ್ದನ್ನು ಸಾಕ್ಷಿಗೆ ಅಂಟಿಸಿದ್ದರು.

ನನಗೆ ಪಿತ್ತ ನೆತ್ತಿಗೇರಿತು. ಪಹಲ್ಗಾಮ್‌ನಲ್ಲಿ ಸತ್ತ 26 ಜನರಲ್ಲಿ ಒಬ್ಬರು ನಮ್ಮೂರಿನವರು. ಅವರ ಅಂತಿಮಯಾತ್ರೆಗೆ ನಾನೂ ಇವನೂ ಒಟ್ಟಿಗೇ ಹೋಗಿದ್ದೆವು. "ಹದಿನೈದು ದಿನಕ್ಕೇ ಮರ್ತುಹೋಯ್ತಾ?" ಅಂತ ಕೂಗಾಡಿದೆ.

"ಅದರ ಮೇಲೆ ನಮ್ಮ ಗ್ರೂಪಲ್ಲಿ ಯಾರೂ ಮಾಡಲ್ಲಪ್ಪ. ಒಬ್ಬ ಹಾಕಿದ್ದ, ಅವನನ್ನೇ ತೆಗೆದುಬಿಟ್ವಿ. ಇದು ಆರ್‌ಸಿಬಿ ಜೋಕು."

ಹದಿನಾರು ವರ್ಷದ ಹುಡುಗರಿಗೆ ಇಂಥ ಲೆಕ್ಕ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಉತ್ತರ ತೋಚದೆ ನಾನೂ ಮೊಬೈಲ್ ತೆಗೆದೆ. ಟಿ.ವಿ.ಯಲ್ಲಿ ಸೈರನ್ ಸದ್ದಿನ ಜೊತೆ ಕರಾಚಿ ಬಂದರು ಧ್ವಂಸ ಅಂತ ಕಿರುಚುತ್ತಿದ್ದರು. ಪರಿಚಯದವರೊಬ್ಬರು ವಿಡಿಯೊ ಕಳಿಸಿದ್ದರು: ಕತ್ತಲ ಆಕಾಶಕ್ಕೆ ಕೆಂಪು ಗುಂಡುಗಳ ಸಾಲು, ಉರಿಯುತ್ತಾ ಬೀಳುವ ವಿಮಾನ. "ನಮ್ಮ ಸೈನಿಕರಿಗೆ ಜೈ" ಅಂತ ಬರೆದು ನಲವತ್ತು ಜನರಿರುವ ಕುಟುಂಬದ ಗ್ರೂಪಿಗೆ ದಾಟಿಸಿದೆ. ನಿಮಿಷದೊಳಗೆ ತಿರಂಗಾಗಳು ಬರತೊಡಗಿದವು.

ಮಗನ ಮೊಬೈಲೂ ಟಿಣ್ ಅಂದಿತು. ನೋಡಿದ. ಈ ಸಲ ನಗಲಿಲ್ಲ.

"ಅಪ್ಪಾ, ಅದು ಗೇಮು."

"ಯಾವ ಗೇಮು?"

"ಆರ್ಮಾ 3. ನಾನೇ ಆಡಿದೀನಿ."

2013ರಲ್ಲಿ ಬಂದ ಆಟವಂತೆ. ಯೂಟ್ಯೂಬಿನಲ್ಲಿ ಹುಡುಕಿ ಅದೇ ದೃಶ್ಯ ತೆಗೆದುಕೊಟ್ಟ, ಹಾಕಿ ಎರಡು ವರ್ಷದ ಮೇಲಾಗಿತ್ತು. ಉಕ್ರೇನ್ ಯುದ್ಧದ ಹೊತ್ತಿಗೂ ಇದೇ ಆಟದ ತುಣುಕುಗಳು ನಿಜದ ವೇಷದಲ್ಲಿ ಓಡಾಡಿ, ಕೊನೆಗೆ ಅದನ್ನು ಮಾಡಿದ ಚೆಕ್ ಕಂಪನಿಯೇ 2022ರಲ್ಲಿ ಗುರುತು ಹಿಡಿಯುವ ಬಗೆ ಹೇಳಿಕೊಟ್ಟಿತ್ತಂತೆ: ಚಿತ್ರ ಮಸುಕು, ಕ್ಯಾಮೆರಾ ಅಲುಗಾಟ, ಹೆಚ್ಚಾಗಿ ಕತ್ತಲು, ಎಷ್ಟೋ ಸಲ ಸದ್ದಿಲ್ಲ, ಓಡಾಡುವ ಮನುಷ್ಯರಿಲ್ಲ. ನನ್ನ ವಿಡಿಯೊಗೆ ಒಂದೂ ತಪ್ಪಲಿಲ್ಲ. ಅವನ ಜೋಕನ್ನು ಯಾರೂ ಸುದ್ದಿ ಅಂತ ನಂಬುವ ಹಾಗಿರಲಿಲ್ಲ; ನನ್ನದನ್ನು ನಮ್ಮ ಅತ್ತೆ ನಂಬಿ, ಅವರ ಭಜನಾ ಮಂಡಳಿಗೂ ಕಳಿಸಿಯಾಗಿತ್ತು.

ಬೆಳಗಾದಾಗ ಕರಾಚಿ ಬಂದರು ಇದ್ದಲ್ಲೇ ಇತ್ತು.

ರಾತ್ರಿ ನೀರು ಕುಡಿಯಲು ಎದ್ದವನಿಗೆ ಅಡುಗೆಮನೆಯಲ್ಲಿ ಕಂಡಿದ್ದನ್ನು ಹೇಳಬೇಕು. ಮಿಕ್ಸಿಯ ಪ್ಲಗ್ ಕಿತ್ತು, ಅಲ್ಲಿ ಪವರ್‌ಬ್ಯಾಂಕು ಮತ್ತು ಹಳೇ ಟಾರ್ಚು ಚಾರ್ಜಿಗೆ ಹಾಕಿತ್ತು. ಮಗ ಇನ್ನೂ ಮಲಗಿರಲಿಲ್ಲ. "ಬ್ಲ್ಯಾಕೌಟ್ ಇಲ್ಲಿವರೆಗೂ ಬರಲ್ಲ ಅಲ್ವಾ?" ಅಂದ. ಬರಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಬಂದ್ರೂ ನೆಟ್ ಇರುತ್ತೆ ಅಲ್ವಾ?" ಅಂದ. ತಮಾಷೆಯೋ ನಿಜವೋ, ಕತ್ತಲಲ್ಲಿ ಮುಖ ಕಾಣಲಿಲ್ಲ.

ಮೇ 10ಕ್ಕೆ ಕದನ ನಿಂತಿತು. 17ಕ್ಕೆ ಚಿನ್ನಸ್ವಾಮಿಯಲ್ಲಿ ಮತ್ತೆ ಐಪಿಎಲ್ ಶುರು ಅಂದರೆ ಮಳೆ ಸುರಿದು ಟಾಸ್ ಕೂಡ ಆಗಲಿಲ್ಲ. ಆ ರಾತ್ರಿ ನಾನೇ ಅವನ ಪಕ್ಕ ಹೋಗಿ, "ಏನು ಹಾಕಿದಾರೋ ನಿಮ್ಮೋರು?" ಅಂದೆ. ಕದನವಿರಾಮಕ್ಕೆ ವರುಣದೇವ ಸಹಿ ಹಾಕಿಲ್ಲ ಅಂತ ಒಂದಿತ್ತು. ನಕ್ಕೆ.

ಗ್ರೂಪಿನ ವಿಡಿಯೊ ಅಳಿಸಲು ಹೋಗುವಷ್ಟರಲ್ಲಿ ಅವಧಿ ಮೀರಿತ್ತು. ಅದು ಸುಳ್ಳು ಅಂತ ಮೂರು ಸಲ ಬರೆದು, ಮೂರು ಸಲವೂ ಕಳಿಸದೆ ಬಿಟ್ಟೆ. ಅದಿನ್ನೂ ಅಲ್ಲೇ ಇದೆ. ಕೆಳಗೆ 11 ತಿರಂಗಾ, ಭಾವನ ಒಂದು "ಸೂಪರ್".