ಟೂ ಫಾಲ್ಸ್ ಅಂದ್ರೆ ಇಬ್ಬರು ಬಿದ್ದರು ಅಂತಲ್ಲ

ನಮ್ಮ ಸೈಟಿನ ಗೇಟಿನಲ್ಲಿ ಒಂದು ಬೋರ್ಡಿದೆ. "ಅಪಘಾತವಿಲ್ಲದ ದಿನಗಳು: 212" ಅಂತ ಇತ್ತು. ಅದನ್ನು ಸೊನ್ನೆಗೆ ಇಳಿಸಿದವನು ನಾನು. ಯಾರೂ ಬೀಳಲಿಲ್ಲ, ಏನೂ ಬೀಳಲಿಲ್ಲ. ಒಂದು ಮೆಸೇಜ್ ಹಾಕಿದೆ, ಅಷ್ಟೇ.

ಗೋವಾದ ವಾಸ್ಕೋದಲ್ಲಿ ಕೆಲಸ. ಅವತ್ತು 16 ಟನ್ನಿನ ಗರ್ಡರ್ ಎತ್ತಬೇಕಿತ್ತು. ಲಿಫ್ಟ್ ಪ್ಲಾನ್ ನನ್ನದೇ. ಸ್ಲಿಂಗ್ ಕಟ್ಟಿ, ಲೋಡು ತಿರುಗದಂತೆ ಹಿಡಿಯುವ ಹಗ್ಗ, ಟ್ಯಾಗ್ ಲೈನ್, ಹಿಡಿದು ಎಲ್ಲರೂ ನಿಂತಿದ್ದರು. ಕೊನೆಗೊಮ್ಮೆ ಹುಕ್ ಬ್ಲಾಕ್, ಅಂದರೆ ಕೊಕ್ಕೆ ಇರುವ ರಾಟೆ, ಅದರ ಕಡೆ ಕತ್ತೆತ್ತಿ ನೋಡಿದೆ. ರೋಪು ಎರಡೇ ಎಳೆ! ಈ ಎಳೆಗೆ ನಮ್ಮ ಕ್ರೇನಿನವರ ಮಾತಿನಲ್ಲಿ ಫಾಲ್ ಅಂತಾರೆ. ಆ ಕ್ರೇನಿನಲ್ಲಿ ಎಳೆಗೆ 5 ಟನ್. ಎರಡು ಫಾಲ್‌ಗೆ 10, ನಾಲ್ಕಕ್ಕೆ 20. ಹಿಂದಿನ ದಿನ ಸಣ್ಣ ಲೋಡುಗಳು ಬೇಗ ಮುಗಿಯಲಿ ಅಂತ ಯಾರೋ ಎರಡು ಫಾಲ್ ಮಾಡಿ, ಹಾಗೇ ಬಿಟ್ಟು ಹೋಗಿದ್ದರು.

ಲಿಫ್ಟ್ ನಿಲ್ಲಿಸಿದೆ. ಅಲ್ಲೀತನಕ ಸರಿಯಾಗೇ ಇದ್ದೆ. ಆಮೇಲೆ ಗ್ರೂಪಿನಲ್ಲಿ ಬರೆದೆ: "ಟೂ ಫಾಲ್ಸ್ ಆನ್ ಕ್ರೇನ್. ವರ್ಕ್ ಸ್ಟಾಪ್ಡ್." ಫೋನನ್ನು ಲಾಕರಿಗೆ ಹಾಕಿದೆ. ಲಿಫ್ಟಿಂಗ್ ಜಾಗಕ್ಕೆ ಫೋನ್ ತರಬಾರದು ಅನ್ನೋ ರೂಲ್ ಮಾಡಿದವನೂ ನಾನೇ.

ನಮ್ಮ ರಿಗ್ಗರ್ ಫೋರ್ಮನ್ ಕಾಕಾ ಬಾಗಲಕೋಟೆ ಕಡೆಯವರು. ಕೈ ಚಾಚಿ "ಆರಿಯಾ... ಆರಿಯಾ..." ಅಂದರು. ಬ್ಲಾಕ್ ಮೆಲ್ಲಗೆ ನೆಲಕ್ಕೆ ಬಂತು. ಮೇಲೆ ಹೋಗಬೇಕಾದರೆ "ಹಬೇಸ್". ಆರಿಯಾ ಅನ್ನೋದು ಪೋರ್ಚುಗೀಸರ 'ಅರ್ರಿಯಾರ್', ಅಂದರೆ ಇಳಿಸು. ಹಡಗಿನ ಖಲಾಸಿಗಳ ಬಾಯಿಂದ ಬಂದದ್ದು. ಪೋರ್ಚುಗೀಸರು 1961ರಲ್ಲಿ ಗೋವಾ ಬಿಟ್ಟರು, ಈ ಮಾತು ಮಾತ್ರ ಕ್ರೇನಿನ ಕೆಳಗೇ ಉಳಿದುಕೊಂಡಿತು.

ರೋಪಿನ ತುದಿ ಹಿಡಿದಿಡುವ ವೆಡ್ಜ್ ಸಾಕೆಟ್ ಬಿಚ್ಚಿ, ರೋಪನ್ನು ಮತ್ತೆ ಪೋಣಿಸುತ್ತಿದ್ದೆವು. ಮುಕ್ಕಾಲು ಗಂಟೆ ಆಗಿರಬೇಕು. ದೂರದಲ್ಲಿ ಆಂಬುಲೆನ್ಸ್ ಸದ್ದು ಕೇಳಿಸಿತು. "ಪಾಪ, ಯಾರಿಗೆ ಏನಾಯ್ತೋ" ಅಂದೆ. ಗ್ರೀಸ್ ಕೈಯಲ್ಲೇ ಕಾಕಾ ಹಣೆ ಮುಟ್ಟಿಕೊಂಡರು. ಆಂಬುಲೆನ್ಸ್ ನಮ್ಮ ಗೇಟಿಗೇ ತಿರುಗಿತು.

ಲಾಕರಿನಲ್ಲಿ 27 ಮಿಸ್ಡ್ ಕಾಲ್. ವಾಪಸ್ ಮಾಡಿದೆ. ಪ್ರಾಜೆಕ್ಟ್ ಮ್ಯಾನೇಜರ್ ದನಿ ನಡುಗುತ್ತಿತ್ತು. "ಇಬ್ಬರೂ ಬದುಕಿದ್ದಾರಾ?"

"ಯಾರಿಬ್ಬರು ಸರ್?"

ಆ ಕಡೆ ಮಾತೇ ಇಲ್ಲ. ನಾನೇನೋ ಮುಚ್ಚಿಡುತ್ತಿದ್ದೀನಿ ಅನ್ನಿಸಿರಬೇಕು. "ಸರ್, ಫಾಲ್ ಅಂದ್ರೆ ರೋಪು" ಅಂದೆ.

"ರೋಪ್ ಬಿತ್ತಾ?"

"ಇಲ್ಲ ಸರ್, ರೋಪ್ ಇದೆ."

"ಮತ್ತೆ ಬಿದ್ದಿದ್ದು ಏನ್ರೀ?!"

ಕ್ರೇನ್ ಕೆಲಸ ತಗೊಳ್ಳುವ ಕಂಪನಿ ನಡೆಸುವವರಿಗೆ ಫಾಲ್ ಅಂದರೇನು ಅಂತ ಗೊತ್ತಿರಬೇಕಲ್ವಾ? ಇದನ್ನು ಜೋರಾಗಿ ಹೇಳಲಿಲ್ಲ. ಗ್ರೂಪಿನಲ್ಲಿ ಅಕೌಂಟ್ಸಿನವರೂ ಇದ್ದಾರೆ ಅನ್ನೋದು ನನಗೆ ಗೊತ್ತಿತ್ತು. "ರೋಪ್ ನಾಲ್ಕು ಎಳೆ ಮಾಡಬೇಕು, ಒಂದು ಗಂಟೆ ಲೇಟು" ಅಂತ ಬರೆಯಲು ಏನು ಕಷ್ಟವಿತ್ತು ನನಗೆ?

ರಾತ್ರಿ ಹೊಟ್ಟೆಯುರಿಗೆ ನಿಘಂಟು ತೆಗೆದೆ. ರಾಟೆಯಲ್ಲಿ ಎಳೆಯುವ ಹಗ್ಗಕ್ಕೆ ಫಾಲ್ ಅನ್ನೋದು ಹಳೇ ಹಡಗಿನವರ ಮಾತು. ಲೈಫ್‌ಬೋಟ್ ಇಳಿಸುವ ಹಗ್ಗಗಳಿಗೂ ಫಾಲ್ಸ್ ಅಂತಲೇ ಹೆಸರು. ಮರ ಕಡಿದು ಉರುಳಿಸುವ 'ಫೆಲ್' ಕೂಡ ಫಾಲ್‌ನಿಂದಲೇ ಹುಟ್ಟಿದ್ದು, ನಮ್ಮ ಬೀಳು–ಬೀಳಿಸು ಇದ್ದ ಹಾಗೆ. 'ಡೌನ್' ಇನ್ನೂ ಮಜಾ. ಹಳೆಯ ಇಂಗ್ಲಿಷಿನಲ್ಲಿ 'ಡೂನ್' ಅಂದರೆ ಗುಡ್ಡ. "ಗುಡ್ಡದಿಂದ" ಅನ್ನೋ ಮಾತು ಸವೆದು ಸವೆದು ಕೆಳಗೆ ಅಂತಾಗಿದೆ. ಕೆಳಗೆ ಅನ್ನಲು ಗುಡ್ಡ ಹತ್ತಿ ಬಂದಿದ್ದಾರೆ!

ಆಕ್ಸಿಡೆಂಟ್, ಇನ್ಸಿಡೆಂಟ್, ಕೇಸ್ ಮೂರರ ಬೇರೂ ಒಂದೇ: ಲ್ಯಾಟಿನ್ನಿನ 'ಕಾಡೆರೆ', ಬೀಳುವುದು. ಅಂದರೆ ಮಾರನೇ ದಿನ ನನ್ನ ಕೈಲಿ ತುಂಬಿಸಿದ ಇನ್ಸಿಡೆಂಟ್ ರಿಪೋರ್ಟಿನ ಹೆಸರಿನಲ್ಲೇ ಆಗಲೇ ಯಾರೋ ಬಿದ್ದಿದ್ದರು.

ಆ ಸಾಫ್ಟ್‌ವೇರಿನ ಡ್ರಾಪ್‌ಡೌನಿನಲ್ಲಿ ಇದ್ದದ್ದು ಎರಡೇ ಆಯ್ಕೆ: ಮನುಷ್ಯ ಬಿದ್ದದ್ದು, ವಸ್ತು ಬಿದ್ದದ್ದು. "ಏನೂ ಬೀಳಲಿಲ್ಲ" ಇಲ್ಲ. ಖಾಲಿ ಬಿಟ್ಟರೆ ಸಬ್ಮಿಟ್ ಆಗಲ್ಲ. ಮೂರು ಸಲ ನೋಡಿ, ಸಾಕಾಗಿ "ವಸ್ತು" ಒತ್ತಿದೆ.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಕಾಕಾ ಬೋರ್ಡ್ ಮುಂದೆ ನಿಂತಿದ್ದರು. 212 ಹೋಗಿ ಸೊನ್ನೆ ಬಂದಿತ್ತು. ನನ್ನ ಕಡೆ ತಿರುಗಿ ಕೇಳಿದರು: "ಸಾಹೇಬ್ರ, ಯಾರ್ ಬಿದ್ರೀ?"