ಟ್ರೇಲರ್ ಎಳೆಯುವ ಡೀಸೆಲ್ ಗಾಡಿಗೆ ಮೊದಲು ಏನು ಮಾಡಿಸಬೇಕು

ಹೋದ ವಾರ ಸಿದ್ದಾಪುರ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಅಡಿಕೆ ಸುಲಿಯುವ ಮಷಿನ್ ತಗೊಂಡಿದ್ದಾನೆ. ಅದನ್ನು ಟ್ರೇಲರ್ ಮೇಲೆ ಕೂರಿಸಿ ಈ ಸೀಸನ್‌ನಿಂದ ಊರೂರು ತಿರುಗಬೇಕು ಅಂತಿದ್ದಾನೆ. "ಅಣ್ಣಾ, ಗಾಡಿ ಎಳೆಯೋದು ಸಾಲೋದಿಲ್ಲ, ಯಾವ ಟ್ಯೂನಿಂಗ್ ಬಾಕ್ಸ್ ಹಾಕಿಸಲಿ?" ಅಂತ ಕೇಳಿದ. ಇಂಜಿನ್ ಶಕ್ತಿ ಏರಿಸಲು ಹಾಕಿಸುವ ಸಣ್ಣ ಪೆಟ್ಟಿಗೆ ಅದು. ಐದು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಗ್ಯಾರೇಜ್ ಗ್ಯಾರೇಜ್ ಅಲೆದಿದ್ದೆ. ಫೋನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನ್ನದು 4 ವೀಲ್ ಡ್ರೈವ್ ಬೊಲೆರೋ ಕ್ಯಾಂಪರ್. 2.5 ಲೀಟರ್ ಡೀಸೆಲ್, 75 ಎಚ್‌ಪಿ, 200 ನ್ಯೂಟನ್ ಮೀಟರ್ ಟಾರ್ಕ್. ಹಿಂದಿನ ಟ್ರೇಲರ್‌ನಲ್ಲಿ ಹಸಿ ಅಡಿಕೆಗೊಂದು, ಚಾಲಿಗೊಂದು (ಒಣಗಿಸಿದ ಹಣ್ಣಡಿಕೆ) ಮಷಿನ್, ಜೊತೆಗೆ ಜನರೇಟರ್. ಕೊನೆಕೊಯ್ಲು ಶುರುವಾಯಿತು ಅಂದರೆ ನಾಲ್ಕು ತಿಂಗಳು ದಿನಾ ಎಳೆಯುವುದೇ ಕೆಲಸ. ಇವತ್ತು ಶಿರಸಿ ಹತ್ತಿರದ ಮನೆ, ನಾಳೆ ದೇವಿಮನೆ ಘಟ್ಟ ಇಳಿದು ಕತಗಾಲ, ಆಮೇಲೆ ಹೊನ್ನಾವರದ ಕಡೆ, ಮತ್ತೆ ವಾಪಸ್ ಘಟ್ಟ ಹತ್ತಬೇಕು.

ಮೊದಲ ವರ್ಷ ಘಟ್ಟ ಹತ್ತುವಾಗ ಸೆಕೆಂಡ್ ಗೇರಲ್ಲಿ ತೆವಳುತ್ತಿದ್ದೆ. ಹಿಂದೆ ಲಾರಿಗಳ ಹಾರ್ನ್. ಬೇಜಾರಾಗಿ ದೂರದ ಒಂದು ಪೇಟೆಗೆ ಹೋಗಿ ಇಂಜಿನ್ ಕಂಪ್ಯೂಟರ್ ರೀಮ್ಯಾಪ್, ಅಂದರೆ ಶಕ್ತಿ ಏರುವ ಹಾಗೆ ಅದರ ಸೆಟ್ಟಿಂಗ್ ಬದಲು, ಮಾಡಿಸಿಕೊಂಡು ಬಂದೆ. ಖಾಲಿ ಗಾಡಿಯಲ್ಲಿ ಅದು ಹಾರಿಹೋಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಒಂದು ವಾರ ಖುಷಿಯಾಗಿದ್ದೆ. ಫೆಬ್ರವರಿಯ ಒಂದು ಮಧ್ಯಾಹ್ನ ಲೋಡ್ ಸಮೇತ ಕತಗಾಲದಿಂದ ಮೇಲೆ ಹೊರಟಾಗ ಹಿಂದೆ ಕಪ್ಪು ಹೊಗೆ, ಅರ್ಧ ಘಟ್ಟಕ್ಕೆ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಹತ್ತಿರ ಬಂತು, ಆಮೇಲೆ ಥರ್ಡ್ ಗೇರಲ್ಲಿ ಇಂಜಿನ್ ಸದ್ದು ಮಾತ್ರ ಏರಿತು, ಗಾಡಿ ಮುಂದೆ ಹೋಗಲೇ ಇಲ್ಲ. ಕ್ಲಚ್ ಜಾರುತ್ತಿತ್ತು. ಕುಮಟಾದಲ್ಲಿ ಗೇರ್‌ಬಾಕ್ಸ್ ಇಳಿಸಿ ನೋಡಿದರೆ ಫ್ಲೈವೀಲ್ (ಕ್ಲಚ್ ಒತ್ತಿಕೊಳ್ಳುವ ಇಂಜಿನ್ ಚಕ್ರ) ಮೇಲೆ ನವಿಲಿನ ಕುತ್ತಿಗೆ ಬಣ್ಣದ ನೀಲಿ ಕಲೆಗಳು, ಅವುಗಳ ನಡುವೆ ಕೂದಲೆಳೆಯಂಥ ಸಣ್ಣ ಸಣ್ಣ ಬಿರುಕು. ಮೇಸ್ತ್ರಿ ಅದರ ಮೇಲೆ ಉಗುರು ಎಳೆದು ತೋರಿಸಿದರು. ಉಗುರು ತಡೆದು ತಡೆದು ಹೋಗುತ್ತಿತ್ತು.

ಡೀಸೆಲ್ ಇಂಜಿನ್‌ನಲ್ಲಿ ಶಕ್ತಿ ಜಾಸ್ತಿ ಬೇಕು ಅಂದರೆ ಡೀಸೆಲ್ ಜಾಸ್ತಿ ಸುಡಬೇಕು. ಡೀಸೆಲ್ ಜಾಸ್ತಿ ಸುಟ್ಟರೆ ಬಿಸಿ ಜಾಸ್ತಿ. ಖಾಲಿ ಗಾಡಿಯಲ್ಲಿ ಓವರ್‌ಟೇಕ್ ಮಾಡಲು ಹತ್ತು ಸೆಕೆಂಡ್ ಪೆಡಲ್ ಒತ್ತುತ್ತೀರಿ, ಅಷ್ಟರೊಳಗೆ ಏನೂ ಕಾಯುವುದಿಲ್ಲ. ಟ್ರೇಲರ್ ಕಟ್ಟಿಕೊಂಡು ಘಟ್ಟ ಹತ್ತುವಾಗ ಅದೇ ಪೆಡಲ್ ಇಪ್ಪತ್ತು ನಿಮಿಷ ಒತ್ತಿಯೇ ಇರುತ್ತದೆ. ಆ ಬಿಸಿ ಪಿಸ್ಟನ್, ಟರ್ಬೋ, ನೀರು, ಎಣ್ಣೆ ಎಲ್ಲದಕ್ಕೂ ಇಳಿಯುತ್ತದೆ. ಕ್ಲಚ್ ಅಂತೂ ಕಂಪನಿ ಟಾರ್ಕ್‌ಗೆ ಲೆಕ್ಕ ಹಾಕಿ ಕೊಟ್ಟದ್ದು. ಹಾಗಾಗಿ ರೀಮ್ಯಾಪ್ ತೆಗೆಸಿ ಕಂಪನಿ ಸೆಟ್ಟಿಂಗ್‌ಗೆ ವಾಪಸ್ ತಂದೆ. ಅಲ್ಲಿಂದ ನಿಜವಾದ ಕೆಲಸ ಶುರುವಾಯಿತು.

ಮೊದಲು ತೂಕ. ನಾನು ಅಂದಾಜಿಗೆ ಒಂದು ಟನ್ ಅಂದುಕೊಂಡಿದ್ದೆ. ವೇಬ್ರಿಡ್ಜ್ ಮೇಲೆ ಟ್ರೇಲರ್ ಒಂದನ್ನೇ ನಿಲ್ಲಿಸಿದಾಗ 1380 ಕೆಜಿ ಬಂತು! ಒಟ್ಟು ತೂಕದಷ್ಟೇ ಮುಖ್ಯವಾದದ್ದು ಗಾಡಿಯ ಹಿಂದಿನ ಕೊಕ್ಕೆಯ ಮೇಲೆ ಬೀಳುವ ತೂಕ. ಟ್ರೇಲರ್‌ನ ಒಟ್ಟು ತೂಕದಲ್ಲಿ ಸುಮಾರು ಹತ್ತನೇ ಒಂದು ಪಾಲು ಮುಂದೆ ಕೊಕ್ಕೆ ಮೇಲೆ ಕೂತಿರಬೇಕು. ಅದನ್ನು ಅಳೆಯಲು ದೊಡ್ಡ ಯಂತ್ರ ಬೇಡ, ಮನೆಯಲ್ಲಿ ಅಡಿಕೆ ಮೂಟೆ ತೂಗುವ ಕಾಟಾ ಸಾಕು. ಟ್ರೇಲರ್ ಸಮತಟ್ಟಾಗಿ ಇರುವ ಹಾಗೆ ಕಾಟಾ ಮೇಲೆ ಮರದ ದಿಮ್ಮಿ ಇಟ್ಟು, ಅದರ ಮೇಲೆ ಟ್ರೇಲರ್ ಮೂತಿ (ಕೊಕ್ಕೆಗೆ ಸಿಗುವ ಮುಂತುದಿ) ಕೂರಿಸಿದೆ. ಬರೀ 45 ಕೆಜಿ ತೋರಿಸಿತು. ಜನರೇಟರನ್ನು ಹಿಂದಿನ ತುದಿಗೆ ಕಟ್ಟಿದ್ದೇ ಕಾರಣ. ಕುಮಟಾ ಹೊನ್ನಾವರ ನಡುವೆ ಹೈವೇಯಲ್ಲಿ 60ರ ಮೇಲೆ ಹೋದರೆ ಟ್ರೇಲರ್ ಬಾಲ ಅಲ್ಲಾಡಿಸಿ ಗಾಡಿಯನ್ನೇ ಎಳೆದಾಡುತ್ತಿತ್ತಲ್ಲ, ಅದಕ್ಕೆ ಉತ್ತರ ಇಲ್ಲಿ ಸಿಕ್ಕಿತು. ಜನರೇಟರನ್ನು ಆಕ್ಸಲ್‌ಗಿಂತ ಮುಂದಕ್ಕೆ ತಂದೆ, ಕಾಟಾ 140 ತೋರಿಸಿತು. ಅವತ್ತಿನಿಂದ ಆ ಅಲುಗಾಟ ಇಲ್ಲ. ಒಂದು ಪೈಸೆ ಖರ್ಚಿಲ್ಲದ ರಿಪೇರಿ ಅದು. (ನಿಮ್ಮ ಗಾಡಿ ಎಷ್ಟು ಎಳೆಯಬಹುದು, ಕೊಕ್ಕೆ ಎಷ್ಟು ತಡೆಯುತ್ತದೆ ಅಂತ ಕಂಪನಿಯವರನ್ನೇ ಕೇಳಿ ಬರೆದಿಟ್ಟುಕೊಳ್ಳಿ.)

ಇನ್ನು ಬ್ರೇಕ್. ಈ ಬರಹದಲ್ಲಿ ಒಂದೇ ಒಂದು ಭಾಗ ಓದುತ್ತೀರಿ ಅಂದರೆ ಇದನ್ನೇ ಓದಿ. ಅದೇ ಮೊದಲ ಸೀಸನ್‌ನ ಡಿಸೆಂಬರ್‌ನಲ್ಲಿ ಘಟ್ಟ ಇಳಿಯುತ್ತಿದ್ದೆ, ಪಕ್ಕದಲ್ಲಿ ಹೆಂಡತಿಯ ತಮ್ಮ ಕೂತಿದ್ದ. "ಭಾವಾ, ಎಂತೋ ಸುಟ್ಟ ವಾಸನೆ ಬತ್ತಾ ಇದ್ದಲಾ" ಅಂದ. ಮುಂದಿನ ತಿರುವಲ್ಲಿ ಪೆಡಲ್ ಒತ್ತಿದರೆ ಸ್ಪಂಜ್ ಒತ್ತಿದ ಹಾಗೆ ಒಳಗೆ ಹೋಯಿತು. ಫಸ್ಟ್ ಗೇರ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಧರೆ ಬದಿಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ.

ಆದದ್ದು ಏನೆಂದರೆ ಬ್ರೇಕ್ ಆಯಿಲ್ ಕುದಿದು ಆವಿಯಾಗಿ, ಪೆಡಲ್ ಒತ್ತಿದ ಬಲ ಚಕ್ರಕ್ಕೆ ಮುಟ್ಟುತ್ತಿರಲಿಲ್ಲ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಡಾಟ್ 3 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು ಅಂತ ಲೆಕ್ಕ, ತೇವ ಹೀರಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ನಮ್ಮ ಕರಾವಳಿಯ ಹವೆ, ನಾಲ್ಕು ತಿಂಗಳ ಮಳೆ, ಇದರಲ್ಲಿ ಆಯಿಲ್ ಒಣಗಿರಲಿ ಅಂದರೆ ಹೇಗೆ ಇರುತ್ತದೆ? ಕಂಪನಿ ಪುಸ್ತಕದಲ್ಲಿ ಡಾಟ್ 4 ಹಾಕಬಹುದು ಅಂತ ಇದ್ದರೆ ಅದನ್ನೇ ಹಾಕಿಸಿ, ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ ಪೂರ್ತಿ ಬದಲಿಸಿ. ನಾನು ನವರಾತ್ರಿ ಹೊತ್ತಿಗೆ ತಪ್ಪದೆ ಮಾಡಿಸುತ್ತೇನೆ.

ಅದಕ್ಕಿಂತ ದೊಡ್ಡ ತಪ್ಪು ಟ್ರೇಲರ್‌ಗೆ ಬ್ರೇಕೇ ಇಲ್ಲದಿದ್ದದ್ದು. 1380 ಕೆಜಿಯನ್ನು ಹಿಂದಿನಿಂದ ನೂಕಿಸಿಕೊಂಡು ಗಾಡಿಯ ಬ್ರೇಕ್ ಒಂದೇ ಎಲ್ಲವನ್ನೂ ತಡೆಯಬೇಕಿತ್ತು. ಈಗ ಓವರ್‌ರನ್ ಬ್ರೇಕ್ ಹಾಕಿಸಿದ್ದೇನೆ. ಗಾಡಿ ನಿಧಾನ ಆದಾಗ ಟ್ರೇಲರ್ ಮುಂದಕ್ಕೆ ನೂಕುತ್ತದಲ್ಲ, ಆ ನೂಕುವ ಬಲವೇ ಮೂತಿಯಲ್ಲಿರುವ ರಾಡನ್ನು ಒಳಗೆ ತಳ್ಳಿ ಟ್ರೇಲರ್ ಚಕ್ರದ ಬ್ರೇಕ್ ಹಿಡಿಸುತ್ತದೆ. ಕರೆಂಟ್ ಬೇಡ, ಬೇರೆ ಪೆಡಲ್ ಬೇಡ. ರೀಮ್ಯಾಪ್‌ಗೆ ಕೊಟ್ಟ ದುಡ್ಡನ್ನು ಇದಕ್ಕೆ ಕೊಡಬೇಕಿತ್ತು.

ಇಳಿಯುವಾಗ ಗೇರ್ ಮೇಲೆ ಇಳಿಯಿರಿ. ಡೀಸೆಲ್ ಇಂಜಿನ್ ತಾನಾಗಿ ತಡೆಯುವುದು ಪೆಟ್ರೋಲ್‌ಗಿಂತ ಕಮ್ಮಿ, ಯಾಕೆಂದರೆ ಗಾಳಿ ಒಳಗೆ ಬರುವ ದಾರಿಯನ್ನು ಅದು ಪೆಟ್ರೋಲ್ ಇಂಜಿನ್ ಹಾಗೆ ಮುಚ್ಚುವುದಿಲ್ಲ. ಹಾಗಾಗಿ ಇನ್ನೂ ಒಂದು ಗೇರ್ ಕೆಳಗೆ ಹಾಕಬೇಕು. ಇಳಿಜಾರು ಶುರುವಾಗುವ ಮೊದಲೇ ಹಾಕಬೇಕು.

ಇಷ್ಟಾದ ಮೇಲೆ ಇಂಜಿನ್ ಕಡೆ ಬನ್ನಿ. ಮುಂದಿನ ಜಾಲರಿ ಬಿಚ್ಚಿಸಿ ರೇಡಿಯೇಟರ್ ನೋಡಿದಾಗ ನನಗೇ ಗಾಬರಿ ಆಯಿತು. ಕೆಂಪು ಮಣ್ಣಿನ ಧೂಳು, ಅದರ ಮೇಲೆ ಅಡಿಕೆ ಸಿಪ್ಪೆಯ ನಾರು, ಎರಡೂ ಸೇರಿ ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಗಾಳಿ ಎಲ್ಲಿಂದ ನುಗ್ಗಬೇಕು! ನೀರನ್ನು ಇಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ಹಾಯಿಸಿ ತೊಳೆಯಬೇಕು. ಜೋರಾಗಿ ಹೊಡೆದರೆ ತೆಳು ಎಲೆಗಳು ಮಡಚಿಕೊಳ್ಳುತ್ತವೆ. ಫ್ಯಾನನ್ನು ಇಂಜಿನ್ ಜೊತೆ ತಿರುಗಿಸುವ ಸಿಲಿಕೋನ್ ಎಣ್ಣೆ ಸೋರಿಹೋಗಿದ್ದರೂ ಗಾಡಿ ಕಾಯುತ್ತದೆ. ಬಿಸಿ ಇಂಜಿನ್ ಆಫ್ ಮಾಡಿ, ಕೀ ತೆಗೆದು, ಫ್ಯಾನನ್ನು ಕೈಯಲ್ಲಿ ತಿರುಗಿಸಿ. ಬಿಗಿ ಇರಬೇಕು, ಸುಮ್ನೆ ಗಿರಗಿರ ತಿರುಗಿದರೆ ಅದು ಹೋಗಿದೆ. ಥರ್ಮೋಸ್ಟಾಟ್ (ಇಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರ್‌ಗೆ ಬಿಡದ ಕವಾಟ) ಕಿತ್ತು ಬಿಸಾಕಿ ಅಂತ ಹೇಳುವವರ ಮಾತು ಮಾತ್ರ ಕೇಳಬೇಡಿ. ಅದಿಲ್ಲದೆ ಇಂಜಿನ್ ಉಳಿದ ಹೊತ್ತೆಲ್ಲ ತಣ್ಣಗೇ ಓಡಿ ಬೇಗ ಸವೆಯುತ್ತದೆ.

ನಾನು ಹಾಕಿಸಿದ ಒಂದೇ ಒಂದು ಹೊಸ ಮೀಟರ್ ಅಂದರೆ ಸೈಲೆನ್ಸರ್ ಗಾಳಿಯ ಬಿಸಿ ತೋರಿಸುವುದು. ಅದರ ಕಡ್ಡಿ ಟರ್ಬೋಗಿಂತ ಮೊದಲು ಕೂತಿದೆ. ನೀರಿನ ಮುಳ್ಳು ಏಳುವ ಹೊತ್ತಿಗೆ ತಡವಾಗಿರುತ್ತದೆ, ಇದು ಪೆಡಲ್ ಒತ್ತಿದ ಕೆಲವೇ ಸೆಕೆಂಡಿಗೆ ಹೇಳುತ್ತದೆ. 700 ಡಿಗ್ರಿ ನಾನು ಇಟ್ಟುಕೊಂಡ ಗೆರೆ. ಅದರ ಹತ್ತಿರ ಬಂದರೆ ಒಂದು ಗೇರ್ ಕೆಳಗೆ. ಥರ್ಡ್ ಗೇರಲ್ಲಿ 690 ತೋರಿಸುತ್ತಿದ್ದದ್ದು ಸೆಕೆಂಡ್‌ಗೆ ಹಾಕಿ ಪೆಡಲ್ ಸ್ವಲ್ಪ ಬಿಟ್ಟರೆ 600ರ ಕೆಳಗೆ ಬರುತ್ತದೆ, ಇಂಜಿನ್ ಜೋರು ತಿರುಗಿ ಗಾಳಿ ಜಾಸ್ತಿ ಎಳೆಯುತ್ತದೆ, ಫ್ಯಾನ್, ನೀರಿನ ಪಂಪ್ ಎರಡೂ ಜೋರಾಗುತ್ತವೆ. ಲಾರಿಯವರು ಹಾರ್ನ್ ಹೊಡೆಯಲಿ. ಜಾಗ ಸಿಕ್ಕಲ್ಲಿ ಬದಿಗೆ ಸರಿದು ಬಿಟ್ಟುಕೊಡುತ್ತೇನೆ.

ಕ್ಲಚ್ ಸುಡುವುದು ಘಟ್ಟದಲ್ಲಿ ಮಾತ್ರ ಅಲ್ಲ, ತೋಟದ ಮನೆಗಳ ದಾರಿಯಲ್ಲೂ. ನಮ್ಮ ಕಡೆ ಮನೆಗಳು ಕಣಿವೆಯ ತಳದಲ್ಲಿ, ದಾರಿ ನೆಟ್ಟಗೆ ಕೆಳಗೆ. ಬೆಳಿಗ್ಗೆ ಇಳಿದದ್ದನ್ನು ಸಂಜೆ ಹತ್ತಿಸಬೇಕು. ಅಂಥಲ್ಲಿ ಫೋರ್ ಲೋಗೆ (ನಾಲ್ಕೂ ಚಕ್ರ ನಿಧಾನಕ್ಕೆ, ಜೋರು ಬಲದಲ್ಲಿ ಎಳೆಯುವ ಗೇರ್) ಹಾಕಿ, ಅರ್ಧ ಕ್ಲಚ್ ಹಿಡಿಯದೆ ಏರಬಹುದು. ಡಾಂಬರ್ ತಿರುವಲ್ಲಿ ಮಾತ್ರ ಅದನ್ನು ಹಾಕಬೇಡಿ, ಮುಂದಿನ ಹಿಂದಿನ ಚಕ್ರ ಜಗ್ಗಾಡಿ ಗೇರ್ ಬಿಗಿಯುತ್ತದೆ. ಇಂಜಿನ್ ಆಯಿಲ್, ಗೇರ್ ಆಯಿಲ್, ಹಿಂದಿನ ಡಿಫರೆನ್ಷಿಯಲ್ ಆಯಿಲ್ ಎಲ್ಲ ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್‌ನ ಅರ್ಧಕ್ಕೇ ಬದಲಿಸುತ್ತೇನೆ.

ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಕಳಿಸುವ ಕವಾಟ) ಮುಚ್ಚಿಸಿ, ಹೊಗೆ ಫಿಲ್ಟರ್ ತೆಗೆಸಿ ಅಂತಲೂ ಹೇಳುವವರಿದ್ದಾರೆ. ಬೇಡ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟದ್ದನ್ನು ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ, ನಾಳೆ ಅಪಘಾತ ಆದರೆ ಇನ್ಶೂರೆನ್ಸ್‌ನವರ ಮೊದಲ ಪ್ರಶ್ನೆಯೇ ಅದು. ಟ್ರೇಲರ್‌ಗೂ ನೋಂದಣಿ ಬೇಕು, ಹಿಂದೆ ಲೈಟ್ ಬೇಕು. ಸಂಜೆ ಮಂಜಲ್ಲಿ ಘಟ್ಟದಲ್ಲಿ ಲೈಟಿಲ್ಲದ ಟ್ರೇಲರ್ ಹಿಂದೆ ಬಂದವರಿಗೆ ಇದನ್ನು ಹೇಳಬೇಕಾಗಿಲ್ಲ.

ಆ ಹುಡುಗನಿಗೆ ಭಾನುವಾರ ಟ್ರೇಲರ್ ಸಮೇತ ಬಾ ಅಂದಿದ್ದೇನೆ. ಕಾಟಾ, ಮರದ ದಿಮ್ಮಿ ಅಂಗಳದಲ್ಲೇ ಇವೆ. ಬಾಕ್ಸ್‌ಗೆ ಅಡ್ವಾನ್ಸ್ ಕೊಟ್ಟಿದ್ದರೆ ವಾಪಸ್ ಕೇಳು ಅಂತಲೂ ಹೇಳಿದ್ದೇನೆ.