ಸ್ಟೀವನ್‌ಸನ್ ನಿಜವಾಗಿ ಆಡಿದ ಪಂದ್ಯಗಳು

ಕ್ಯೂಬಾದ ಹೆವಿವೇಟ್ ಬಾಕ್ಸರ್ ತಿಯೋಫಿಲೊ ಸ್ಟೀವನ್‌ಸನ್ ಅವರ ಹೆಸರು ಬಂದಾಗಲೆಲ್ಲ ಮಾತು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಅಮೆರಿಕದ ವೃತ್ತಿಪರ ಬಾಕ್ಸರ್ ಮಹಮ್ಮದ್ ಅಲಿ ಅವರೊಡನೆ ಸೆಣಸಿದ್ದರೆ ಗೆಲ್ಲುತ್ತಿದ್ದವರು ಯಾರು? ನಡೆಯದೇ ಹೋದ ಆ ಒಂದು ಪಂದ್ಯದ ಚರ್ಚೆಯಲ್ಲಿ, ನಡೆದ ಪಂದ್ಯಗಳೆಲ್ಲ ಮರೆಗೆ ಸರಿಯುವುದು ನನಗೆ ಬೇಸರದ ಸಂಗತಿ.

1952ರಲ್ಲಿ ಪ್ಯುರ್ಟೊ ಪಾಡ್ರೆಯಲ್ಲಿ ಹುಟ್ಟಿದ ಸ್ಟೀವನ್‌ಸನ್, 1971ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಅಮೆರಿಕದ ಡ್ವೇನ್ ಬಾಬಿಕ್ ಅವರಿಗೆ ಸೋತಿದ್ದರು. ಮರುವರ್ಷ ಮ್ಯೂನಿಕ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಅದೇ ಬಾಬಿಕ್ ಮತ್ತೆ ಎದುರಾದರು. ಮೊದಲ ಸುತ್ತು ಸ್ಟೀವನ್‌ಸನ್ ಅವರದಾಗಿತ್ತು. ಎರಡನೆಯದರಲ್ಲಿ ಬಾಬಿಕ್ ಚೇತರಿಸಿಕೊಂಡು ಮೇಲುಗೈ ಸಾಧಿಸಿದರು. ಮೂರನೆಯ ಸುತ್ತಿನಲ್ಲಿ ಬಾಬಿಕ್ ಮೂರು ಬಾರಿ ನೆಲಕ್ಕುರುಳಿದ ಮೇಲೆ ರೆಫರಿ ಪಂದ್ಯ ನಿಲ್ಲಿಸಿದರು. ಎಡಗೈಯ ಜಾಬ್‌ನಿಂದ, ಅಂದರೆ ಚುರುಕಾದ ನೇರ ಗುದ್ದಿನಿಂದ, ಎದುರಾಳಿಯನ್ನು ದೂರದಲ್ಲೇ ತಡೆದು, ಅಂತರವನ್ನು ಅಳೆಯುತ್ತ, ಅವಕಾಶ ತೆರೆದ ಕ್ಷಣದಲ್ಲಿ ಬಲಗೈಯನ್ನು ನೇರವಾಗಿ ಹರಿಯಬಿಡುವ ಅವರ ರೀತಿಯನ್ನು ಅರಿಯಲು ಈ ಪಂದ್ಯವೊಂದೇ ಸಾಕು. ನೋಡುವವರು ಬಲಗೈಯನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಅದಕ್ಕೆ ದಾರಿ ಮಾಡಿಕೊಡುತ್ತಿದ್ದುದು ಆ ಎಡಗೈಯ ಸಹನೆ ಎಂದು ನಾನು ನಂಬಿದ್ದೇನೆ. ಫೈನಲ್‌ನಲ್ಲಿ ರೊಮೇನಿಯಾದ ಎದುರಾಳಿ ಗಾಯದಿಂದಾಗಿ ಕಣಕ್ಕಿಳಿಯದ ಕಾರಣ ಚಿನ್ನದ ಪದಕ ಹೋರಾಟವಿಲ್ಲದೆಯೇ ದೊರೆಯಿತು.

1976ರ ಮಾಂಟ್ರಿಯಲ್, 1980ರ ಮಾಸ್ಕೊ ಒಲಿಂಪಿಕ್ಸ್‌ಗಳಲ್ಲೂ ಅವರೇ ಗೆದ್ದರು. ಬಾಕ್ಸಿಂಗ್‌ನಲ್ಲಿ ಮೂರು ಒಲಿಂಪಿಕ್ ಚಿನ್ನಗಳನ್ನು ಅವರಿಗಿಂತ ಮೊದಲು ಗೆದ್ದವರು ಹಂಗೇರಿಯ ಲಾಸ್ಲೊ ಪಾಪ್ ಒಬ್ಬರೇ. ಹಾಗೆಂದು ಅವರು ಸೋಲರಿಯದವರಲ್ಲ; ಸೋವಿಯತ್ ಒಕ್ಕೂಟದ ಇಗೊರ್ ವಿಸೊಟ್‌ಸ್ಕಿ ಎರಡು ಬಾರಿ ಸ್ಟೀವನ್‌ಸನ್ ಅವರನ್ನು ಸೋಲಿಸಿದ್ದರು. ಈ ಮಾತನ್ನು ಮುಚ್ಚಿಡುವ ಅಭಿಮಾನಿಗಳು ಅವರಿಗೆ ನ್ಯಾಯ ಮಾಡುತ್ತಿಲ್ಲ.

ಕ್ಯೂಬಾದಲ್ಲಿ ವೃತ್ತಿಪರ ಬಾಕ್ಸಿಂಗ್‌ಗೆ ಅವಕಾಶವಿರಲಿಲ್ಲ. ಅಲಿ ಅವರ ಎದುರು ಆಡಲು ಹತ್ತಾರು ಲಕ್ಷ ಡಾಲರ್‌ಗಳ ಆಮಿಷ ಬಂದಾಗಲೂ, ತನ್ನ ದೇಶದ ಜನರ ಪ್ರೀತಿಯ ಮುಂದೆ ಆ ಹಣ ಏನೂ ಅಲ್ಲವೆಂದು ಅವರು ನಿರಾಕರಿಸಿದರು. ಕೆಲವರು ಇದನ್ನು ತ್ಯಾಗವೆಂದರೆ, ಕೆಲವರು ಆಳುವವರ ಒತ್ತಡವೆನ್ನುತ್ತಾರೆ. ನಾನಾದರೋ ಆ ಮಾತನ್ನು ಅವರ ಮಾತೆಂದೇ ಗೌರವಿಸುತ್ತೇನೆ. ಆ ನಿಷ್ಠೆಗೆ ಅವರು ತೆತ್ತ ಬೆಲೆ ಹಣವಷ್ಟೇ ಅಲ್ಲ: 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಅನ್ನು ಕ್ಯೂಬಾ ಬಹಿಷ್ಕರಿಸಿದ್ದರಿಂದ ನಾಲ್ಕನೆಯ ಚಿನ್ನಕ್ಕೆ ಸ್ಪರ್ಧಿಸುವ ಅವಕಾಶವೇ ಇಲ್ಲವಾಯಿತು.

ಅದಾಗಿ ಎರಡು ವರ್ಷಕ್ಕೆ, 34ನೆಯ ವಯಸ್ಸಿನಲ್ಲಿ, ಅವರು ಅಮೆರಿಕದ್ದೇ ನೆಲವಾದ ರೀನೊದಲ್ಲಿ ಸೂಪರ್ ಹೆವಿವೇಟ್ ವಿಭಾಗದಲ್ಲಿ ಕಣಕ್ಕಿಳಿದು ಮೂರನೆಯ ಬಾರಿ ವಿಶ್ವ ಚಾಂಪಿಯನ್ ಆದರು.